ರಾಜ್ಯೋತ್ಸವದ ಹಳದಿ–ಕೆಂಪು ತಿಂಡಿ ಹರಿವಾಣ: ಯಾವ ಬಣ್ಣವನ್ನು ಎಲ್ಲಿಂದ ತರಬೇಕು?

ನವೆಂಬರ್ 1ರಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಬಾವುಟ ಏರಿಸಿ, ನಾಡಗೀತೆ ಹಾಡಿ, ಸಂಜೆ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಸೇರುವುದು ರೂಢಿ. ಆ ಸಂಜೆಗೆ ಹಳದಿ–ಕೆಂಪು ತಿಂಡಿಗಳ ಹರಿವಾಣ ಜೋಡಿಸುವ ಕೆಲಸ ಆರು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಮೊದಲ ವರ್ಷ ಬಣ್ಣ ಕಂಡದ್ದನ್ನೆಲ್ಲ ತಂದು ಸುರಿದಿದ್ದೆ. ಈಗ ಅಂಗಡಿಗೆ ಹೋಗುವ ಮುಂಚೆಯೇ ಪ್ರತಿಯೊಂದು ತಿಂಡಿಗೂ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಸಂಜೆ ಐದಕ್ಕೆ ಇಟ್ಟದ್ದು ಎಂಟು ಗಂಟೆಗೂ ಇದೇ ಬಣ್ಣದಲ್ಲಿ ಇರುತ್ತದೆಯೇ? ಪಕ್ಕದಲ್ಲಿರುವ ತಿಂಡಿಗೆ ಬಣ್ಣ ಬಿಡುತ್ತದೆಯೇ? ಈ ಎರಡು ಪ್ರಶ್ನೆಯಲ್ಲಿ ಗೆದ್ದದ್ದು ರುಚಿಯಲ್ಲೂ ಸಾಮಾನ್ಯವಾಗಿ ಗೆಲ್ಲುತ್ತದೆ. ಯಾಕೆಂದರೆ ಅಂಥ ತಿಂಡಿಯ ಬಣ್ಣ ಅದರ ಒಳಗಿನದೇ ಆಗಿರುತ್ತದೆ, ಯಾರೋ ಮೇಲಿಂದ ಬಳಿದದ್ದಲ್ಲ.

ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರ ಹೆಸರಿನೊಂದಿಗೆ ಬೆಸೆದುಕೊಂಡಿರುವ, 1960ರ ದಶಕದಿಂದ ನಾವು ಹಾರಿಸುತ್ತ ಬಂದಿರುವ ಬಾವುಟದ ಈ ಎರಡು ಬಣ್ಣಗಳನ್ನು ನಾವೆಲ್ಲ ಅರಿಶಿನ–ಕುಂಕುಮ ಎಂದೇ ಗುರುತಿಸುತ್ತೇವೆ. ಅಡುಗೆಮನೆಯಲ್ಲಿ ನಿಂತು ನೋಡಿದರೆ ಇವೆರಡೂ ಒಂದೇ ಕೊಂಬಿನಿಂದ ಬಂದವು. ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರು ಆಗುವುದು ಹಾಗೆಯೇ, ಹಿಂದೆ ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದೂ ಹಾಗೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಬಜ್ಜಿ ಹಿಟ್ಟಿನ ಹತ್ತಿರ ಮತ್ತೆ ಬರುತ್ತದೆ.

ಹಳದಿ: ಅರಿಶಿನವೋ, ಕಡಲೆಹಿಟ್ಟೋ, ಕೇಸರಿಯೋ?

ಹಳದಿಯ ವಿಷಯದಲ್ಲಿ ನಮಗೆ ಬಡತನವಿಲ್ಲ. ನಮ್ಮ ಅರ್ಧ ತಿಂಡಿಗಳು ಹುಟ್ಟಾ ಹಳದಿ. ಅದರಲ್ಲಿ ಯಾವ ಹಳದಿ ಅನ್ನುವುದಷ್ಟೇ ಆಯ್ಕೆ.

ಕಡಲೆಹಿಟ್ಟಿನ ಹಳದಿ ಮಂದ, ಆದರೆ ನಂಬಿಕೆಯದು. ಖಾರಾಬೂಂದಿ, ಸೇವು, ಓಂಪುಡಿ ಮೂರೂ ಗಂಟೆಗಟ್ಟಲೆ ಗಾಳಿಗೆ ತೆರೆದಿಟ್ಟರೂ ಬಣ್ಣ ಕೆಡುವುದಿಲ್ಲ, ಬಣ್ಣ ಬಿಡುವುದೂ ಇಲ್ಲ. ಮೆತ್ತಗಾಗುವ ಭಯ ಮಾತ್ರ ಇರುತ್ತದೆ, ಅದೂ ಆ ದಿನ ಮಳೆ ಬಂದರೆ. ಅಂಗಡಿಯ ಖಾರಾಬೂಂದಿ ಕೊಳ್ಳುವಾಗ ಒಂದು ಕಾಳನ್ನು ಬೆರಳಿನಲ್ಲಿ ಒಡೆದು ನೋಡಿ. ಬರೀ ಕಡಲೆಹಿಟ್ಟಿನದಾದರೆ ಒಳಗೂ ಹೊರಗೂ ಒಣಹುಲ್ಲಿನ ಹಳದಿ ಇರುತ್ತದೆ. ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಮಿಂಚುತ್ತಿದ್ದರೆ ಅದಕ್ಕೆ ಬೇರೆ ಏನೋ ಸೇರಿದೆ.

ಅರಿಶಿನದ ಹಳದಿ ಇದಕ್ಕಿಂತ ಜೋರು. ಹರಿವಾಣಕ್ಕೆ ಕಳೆ ಕೊಡುವುದು ಇದೇ. ಒಗ್ಗರಣೆಯ ಎಣ್ಣೆಗೆ ಅರಿಶಿನ ಹಾಕಿ ಮಂಡಕ್ಕಿಯನ್ನು ಹೊರಳಿಸಿದರೆ ಐದೇ ನಿಮಿಷದಲ್ಲಿ ಬುಟ್ಟಿ ತುಂಬ ಹಳದಿ ಸಿದ್ಧ. ಬೆಂಕಿ ಸಣ್ಣದಿರಲಿ, ಅರಿಶಿನ ಸೀದರೆ ಬಣ್ಣವೂ ಹೋಗಿ ಕಹಿಯೂ ಬರುತ್ತದೆ. ಚಿತ್ರಾನ್ನದಂಥ ಒದ್ದೆ ಪದಾರ್ಥಗಳಲ್ಲಿ ನಿಂಬೆರಸ ಹಿಂಡಿದ ಕೂಡಲೇ ಹಳದಿ ಬೆಳಗುವುದನ್ನು ನೀವೆಲ್ಲ ನೋಡಿರುತ್ತೀರಿ. ಹುಳಿ ಸೇರಿದರೆ ಅರಿಶಿನ ಅಚ್ಚ ಹಳದಿ, ಕ್ಷಾರ ಸೇರಿದರೆ ಕೆಂಪು.

ಬಜ್ಜಿಯ ಮಾತು ಇಲ್ಲಿಗೆ ಬರುತ್ತದೆ. ಎರಡನೇ ವರ್ಷ ಬಾಳೆಕಾಯಿ ಬಜ್ಜಿ ಚೆನ್ನಾಗಿ ಹಳದಿಯಾಗಲಿ ಎಂದು ಹಿಟ್ಟಿಗೆ ಒಂದು ಚಮಚ ಅರಿಶಿನ ಹೆಚ್ಚಿಗೆ ಹಾಕಿ, ಗರಿಗರಿಯಾಗಲಿ ಎಂದು ಸೋಡಾವನ್ನೂ ಹಾಕಿದೆ. ಬಾಣಲೆಯಿಂದ ಎದ್ದ ಬಜ್ಜಿಗಳ ಮೈಮೇಲೆಲ್ಲ ತುಕ್ಕಿನ ಬಣ್ಣದ ಚುಕ್ಕಿ. ಸೋಡಾ ಎಲ್ಲೆಲ್ಲಿ ಸರಿಯಾಗಿ ಕರಗಿರಲಿಲ್ಲವೋ ಅಲ್ಲೆಲ್ಲ ಒಂದೊಂದು ಮಚ್ಚೆ. ಹಾವೇರಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ ಹೇಳಿದರೆ, "ಅರಿಷಿಣಕ್ಕ ಸೋಡಾ ಕೂಡಿದ್ರ ಕೆಂಪ ಆಗೂದ ಅಲ್ಲೇನು? ಆರತಿ ನೀರು ಹೆಂಗ ಮಾಡ್ತೀ ಮತ್ತ?" ಅಂದಳು. ವರ್ಷಕ್ಕೆ ಹತ್ತು ಸಲ ಆರತಿ ತಟ್ಟೆಯಲ್ಲಿ ಮಾಡುವ ಕೆಲಸ ಬಾಣಲೆಯ ಮುಂದೆ ಹೊಳೆದಿರಲಿಲ್ಲ. ಸೋಡಾ ಹಾಕುವ ಹಿಟ್ಟಿಗೆ ಅರಿಶಿನ ಬೇಡ, ಅರಿಶಿನ ಹಾಕಿದ್ದಕ್ಕೆ ಸೋಡಾ ಬೇಡ. ಗರಿಗೆ ಎರಡು ಚಮಚ ಅಕ್ಕಿಹಿಟ್ಟು, ಒಂದು ಸೌಟು ಕಾದ ಎಣ್ಣೆ ಸಾಕು. ಅಷ್ಟಕ್ಕೂ ಬಜ್ಜಿ ಹರಿವಾಣದ ತಿಂಡಿಯಲ್ಲ. ಅರ್ಧ ಗಂಟೆಗೆ ಮೆತ್ತಗಾಗಿ ಎಣ್ಣೆ ಬಿಡುತ್ತದೆ. ಕರಿದ ಕೂಡಲೇ ಕೈಗೆ ಕೊಡುವ ವ್ಯವಸ್ಥೆ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ.

ಇನ್ನು ಕೇಸರಿ. ಇಲ್ಲಿ ಒಂದು ತಪ್ಪು ಕಲ್ಪನೆ ನಮ್ಮೆಲ್ಲರ ಮನೆಯಲ್ಲೂ ಇದೆ. ಕೇಸರಿಬಾತ್ ಎಂದರೆ ಕಿತ್ತಳೆ ಬಣ್ಣ ಎಂದು ಕಣ್ಣಿಗೆ ಒಗ್ಗಿಹೋಗಿದೆ. ನಿಜವಾದ ಕೇಸರಿ ಎಳೆಗಳನ್ನು ಬೆಚ್ಚಗಿನ ಹಾಲಿನಲ್ಲಿ ನೆನೆಸಿ ನೋಡಿ, ಬಿಡುವುದು ಬಂಗಾರದ ಹಳದಿ. ಹೋಟೆಲಿನ ಕಿತ್ತಳೆ ಬಣ್ಣ ಡಬ್ಬಿಯಿಂದ ಬಂದದ್ದು. ಆದ್ದರಿಂದ ಕೇಸರಿ ಖರ್ಚು ಮಾಡುವುದಾದರೆ ಹಳದಿ ಸಾಲಿಗೆಂದೇ ಮಾಡಿ. ಇಪ್ಪತ್ತೈದು ಜನರ ಬಾದಾಮಿ ಹಾಲಿಗೆ ಒಂದು ಚಿಟಿಕೆ ಕೇಸರಿ ಸಾಕು. ರವೆಯ ಕೇಸರಿಬಾತ್ ಆರಿದ ಮೇಲೆ ಗಟ್ಟಿಯಾಗಿ ಕೂತುಬಿಡುವುದರಿಂದ ನಾನು ಹರಿವಾಣಕ್ಕೆ ಇಡುವುದಿಲ್ಲ, ಖಾರಾಬಾತ್ ಅಂತೂ ಇಲ್ಲವೇ ಇಲ್ಲ. ಚೌಚೌ ಬಾತ್ ಬೆಳಗಿನ ಬಿಸಿ ತಟ್ಟೆಯ ಜೋಡಿ, ಅಲ್ಲೇ ಇರಲಿ.

ಹಸಿ ಹಳದಿಗಳಲ್ಲಿ ಅನಾನಸ್ ಮೊದಲ ಆಯ್ಕೆ, ಬೇಯಿಸಿದ ಜೋಳದ ಕಾಳು ಎರಡನೆಯದು, ಹಳದಿ ದೊಣ್ಣೆಮೆಣಸಿನಕಾಯಿ ಮೂರನೆಯದು. ಬಾಳೆಹಣ್ಣು ಹೆಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಮಾವು ಆ ತಿಂಗಳಲ್ಲಿ ಸಿಗುವುದಿಲ್ಲ. ಹೆಸರುಬೇಳೆ ಕೋಸಂಬರಿಗೆ ಮಾತ್ರ ನಾನು ಯಾವತ್ತೂ ಜಾಗ ಕೊಡುತ್ತೇನೆ. ಕರಿದದ್ದರ ನಡುವೆ ಅದು ಬಾಯಿಗೆ ತಂಪು, ಮಧುಮೇಹ ಇರುವ ಹಿರಿಯರಿಗೂ ಒಂದು ಆಸರೆ. ಉಪ್ಪು, ನಿಂಬೆರಸವನ್ನು ಬಡಿಸುವ ಹತ್ತು ನಿಮಿಷ ಮುಂಚೆ ಹಾಕಿ. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ.

ಕೆಂಪು: ಕಷ್ಟವಿರುವುದು ಇಲ್ಲಿ

ಹಳದಿ ತಾನಾಗಿ ಒದಗುತ್ತದೆ, ಕೆಂಪನ್ನು ಹುಡುಕಬೇಕು. ನಮ್ಮ ತಿಂಡಿಗಳಲ್ಲಿ ಕಂದು ಜಾಸ್ತಿ, ಕೆಂಪು ಕಡಿಮೆ. ಮದ್ದೂರು ವಡೆ, ನಿಪ್ಪಟ್ಟು, ಗೋಕಾಕದ ಕರದಂಟು, ಧಾರವಾಡದ ಪೇಡ, ಬೆಳಗಾವಿ ಕುಂದಾ ಎಲ್ಲವೂ ಕಂದೇ. ಇವನ್ನು "ಕೆಂಪು" ಎಂದು ಲೆಕ್ಕ ಹಿಡಿದು ಜೋಡಿಸಿದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹರಿವಾಣ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅವು ಬೇಕೇ ಬೇಕೆಂದರೆ ಬೇರೆ ತಟ್ಟೆಯಲ್ಲಿಡಿ.

ನನ್ನ ಮಟ್ಟಿಗೆ ಕೆಂಪಿನ ರಾಜ ಬ್ಯಾಡಗಿ ಮೆಣಸಿನಕಾಯಿ. ತವರಿನ ಅಭಿಮಾನ ಇದರಲ್ಲಿ ಸೇರಿದೆ ಎಂದರೆ ಇಲ್ಲವೆನ್ನಲಾರೆ. ಆದರೆ ಈ ಮೆಣಸಿನಕಾಯಿ ಹೆಸರು ಮಾಡಿರುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡು. ಬಣ್ಣಕ್ಕೆಂದೇ ತರುವುದಾದರೆ ಡಬ್ಬಿ ಕೇಳಿ. ಗುಂಟೂರಿನದು ತಂದರೆ ಇಷ್ಟೇ ಕೆಂಪು ಬರುವಷ್ಟರಲ್ಲಿ ಮಕ್ಕಳು ತಿನ್ನಲಾಗದಷ್ಟು ಖಾರ ಏರಿರುತ್ತದೆ.

ಈ ಕೆಂಪಿನ ಗುಣ ಒಂದನ್ನು ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಹಾಗಾಗಿ ಕೋಡುಬಳೆಗೆ ಖಾರದ ಪುಡಿಯನ್ನು ಒಣ ಹಿಟ್ಟಿಗೆ ಸುಮ್ಮನೆ ಬೆರೆಸುವುದಕ್ಕೂ ಎಣ್ಣೆಯಲ್ಲಿ ಕದಡಿ ಹಾಕುವುದಕ್ಕೂ ಬಹಳ ಅಂತರವಿದೆ. ನಾನು ಮಾಡುವುದು ಹೀಗೆ: ಡಬ್ಬಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿಲಿಗೆ ಒಣಗಿಸಿ ನುಣ್ಣಗೆ ಪುಡಿ ಮಾಡುತ್ತೇನೆ. ಬೀಜ ಉಳಿದರೆ ಪುಡಿ ಹಳದಿಗೆ ತಿರುಗುತ್ತದೆ. ಅಕ್ಕಿಹಿಟ್ಟು, ಹುರಿಗಡಲೆ ಹಿಟ್ಟು, ಚಿರೋಟಿ ರವೆ, ಕೊಬ್ಬರಿ, ಇಂಗು ಎಲ್ಲ ಬೆರೆಸಿದ ಮೇಲೆ ಎರಡು ಸೌಟು ಎಣ್ಣೆ ಕಾಯಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಪುಡಿಯನ್ನು ಅದಕ್ಕೆ ಹಾಕುತ್ತೇನೆ. ಸೊರ್ ಎಂದು ನೊರೆಯೆದ್ದು ಎಣ್ಣೆಯೆಲ್ಲ ಕುಂಕುಮದಂತೆ ಆಗುತ್ತದೆ. ಕೂಡಲೇ ಹಿಟ್ಟಿನ ಮೇಲೆ ಸುರಿದು ಕಲಸಬೇಕು. ಎಣ್ಣೆ ಉರಿಯ ಮೇಲಿರುವಾಗಲೇ ಪುಡಿ ಹಾಕಿದರೆ ಸೀದು ಕಪ್ಪಾಗುತ್ತದೆ, ಮನೆಯೆಲ್ಲ ಘಾಟು. ಕರಿಯುವಾಗ ನಡು ಉರಿಗಿಂತ ಸ್ವಲ್ಪ ಕಡಿಮೆ ಇಟ್ಟು ನಿಧಾನಕ್ಕೆ ಬೇಯಿಸಿ, ಗುಳ್ಳೆ ನಿಲ್ಲುವ ಹೊತ್ತಿಗೆ ಎತ್ತಿಬಿಡಿ. ಇನ್ನೊಂದು ನಿಮಿಷ ಬಿಟ್ಟರೆ ಕೆಂಪು ಹೋಗಿ ಕಂದು ಬರುತ್ತದೆ, ಮತ್ತೆ ಅದನ್ನು ತಿರುಗಿಸಲಾಗದು. ಹೀಗೆ ಮಾಡಿದ ಕೋಡುಬಳೆ ವಾರವಿಟ್ಟರೂ ಅದೇ ಬಣ್ಣದಲ್ಲಿರುತ್ತದೆ, ಪಕ್ಕದ ಯಾವುದಕ್ಕೂ ಬಣ್ಣ ಹತ್ತಿಸುವುದಿಲ್ಲ. ದುಂಡಗಿನ ಕೆಂಪು ಬಳೆಗಳನ್ನು ಹಳದಿ ಮಂಡಕ್ಕಿಯ ಗುಡ್ಡಕ್ಕೆ ಒರಗಿಸಿದರೆ ಬೇರೆ ಅಲಂಕಾರ ಏನೂ ಬೇಡ.

ಬೀಟ್‌ರೂಟಿನ ಗುಣ ಇದಕ್ಕೆ ನೇರ ವಿರುದ್ಧ. ಅದರ ಬಣ್ಣ ನೀರಿನದು, ಹಾಗಾಗಿ ಎಲ್ಲಿ ತೇವವಿದೆಯೋ ಅಲ್ಲಿಗೆಲ್ಲ ಹರಿಯುತ್ತದೆ. ಮೊದಲ ವರ್ಷ ತುರಿದ ಬೀಟ್‌ರೂಟ್ ಕೋಸಂಬರಿಯನ್ನು ಹೆಸರುಬೇಳೆ ಕೋಸಂಬರಿಯ ಪಕ್ಕದಲ್ಲೇ, ನಡುವೆ ಬರೀ ಎರಡು ಕೊತ್ತಂಬರಿ ಕಡ್ಡಿಯ ಗಡಿ ಹಾಕಿ ಇಟ್ಟಿದ್ದೆ. ಭಾಷಣ ಮುಗಿದು ಜನ ತಿಂಡಿಗೆ ಬರುವ ಹೊತ್ತಿಗೆ ಗಡಿ ದಾಟಿ, ಬೇಳೆಯ ಒಂದೊಂದು ಕಾಳೂ ನೇರಳೆಯಾಗಿ, ಅದರ ಕೆಳಗೆ ಇನ್ನೊಂದು ಕೆಂಪು ಕಾಲುವೆ ಖಾರಾಬೂಂದಿಯತ್ತ ಹೊರಟಿತ್ತು. ಬೂಂದಿ ಅದನ್ನು ಹೀರಿಕೊಂಡು ಮೆತ್ತಗಾಯಿತು. ಬೇಯಿಸಿದರೆ ಬೀಟ್‌ರೂಟಿನ ಬಣ್ಣ ಮಂಕಾಗುತ್ತದೆ, ನಿಂಬೆರಸ ಹಾಕಿದರೆ ಸ್ವಲ್ಪ ನಿಲ್ಲುತ್ತದೆ. ಅದೂ ಬಾವುಟದ ಕೆಂಪಲ್ಲ, ನೇರಳೆ ಬೆರೆತ ಕೆಂಪು. ಬೀಟ್‌ರೂಟ್ ಬೇಕೆಂದರೆ ಹಲ್ವ ಮಾಡಿ, ಪುಟ್ಟ ಬಟ್ಟಲುಗಳಲ್ಲಿ ಹಾಕಿ ಬೇರೆಯಾಗಿಡಿ. ತುಪ್ಪ, ಸಕ್ಕರೆಯಲ್ಲಿ ಕಟ್ಟಿಹಾಕಿದ ಮೇಲೆ ಅದು ಎಲ್ಲಿಗೂ ಹೋಗುವುದಿಲ್ಲ.

ದಾಳಿಂಬೆಗೂ ಇದೇ ಭಯ ಇದೆಯೆಂದು ಹಲವರು ಕೇಳುತ್ತಾರೆ. ಕಾಳು ಇಡಿಯಾಗಿದ್ದರೆ ಒಂದು ಹನಿ ಬಣ್ಣವೂ ಆಚೆ ಬರುವುದಿಲ್ಲ. ಒಡೆದ ಕಾಳುಗಳೇ ತಂಟೆ ಮಾಡುವುದು. ಹಣ್ಣನ್ನು ಚಾಕುವಿನಿಂದ ಎರಡು ಹೋಳು ಮಾಡಿದರೆ ನಡುವಿನ ಕಾಳೆಲ್ಲ ಸೀಳುತ್ತವೆ. ತೊಟ್ಟಿನ ಸುತ್ತ ಸಿಪ್ಪೆಯನ್ನಷ್ಟೇ ಗೀರಿ, ಮೇಲಿನಿಂದ ಕೆಳಗೆ ಐದಾರು ಗೆರೆ ಎಳೆದು ಕೈಯಿಂದ ಬಿಡಿಸಿ. ಬಿಡಿಸಿದ್ದನ್ನು ನೀರಿಗೆ ಹಾಕಿದರೆ ಬಿಳಿ ಪೊರೆ ತೇಲುತ್ತದೆ, ಒಡೆದದ್ದರ ರಸವೂ ತೊಳೆದುಹೋಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಆರಿಸಿ. ಭಗವಾ ತಳಿಯ ಹಣ್ಣು ಕೇಳಿ ತನ್ನಿ, ಕಾಳು ಗಾಢ ಕೆಂಪಾಗಿರುತ್ತದೆ. ಗಣೇಶ ತಳಿಯದು ರುಚಿಯಲ್ಲಿ ಕಡಿಮೆಯಿಲ್ಲದಿದ್ದರೂ ಬಣ್ಣದಲ್ಲಿ ತಿಳಿ ಗುಲಾಬಿ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ಬೆಳೆಯುವ ಹಣ್ಣಾದ್ದರಿಂದ ಈ ಹಬ್ಬಕ್ಕೆ ಅದು ಮನೆಯ ಹಣ್ಣೇ.

ಕೆಂಪು ದೊಣ್ಣೆಮೆಣಸಿನಕಾಯಿಯ ಉದ್ದ ಹೋಳುಗಳು ಮೂರು ತಾಸಾದರೂ ಹಾಗೇ ನಿಲ್ಲುತ್ತವೆ. ಬ್ಯಾಡಗಿ–ಬೆಳ್ಳುಳ್ಳಿಯ ಕೆಂಪು ಚಟ್ನಿಯಲ್ಲಿ ಅದ್ದಿ ತಿನ್ನಲು ಚೆನ್ನ. ಟೊಮೆಟೊ ಆದರೆ ಚಿಕ್ಕ ಚೆರ್ರಿ ಟೊಮೆಟೊಗಳನ್ನು ಇಡಿಯಾಗಿ ಇಡಿ. ಹೆಚ್ಚಿದ ಟೊಮೆಟೊ ಮತ್ತು ಕಲ್ಲಂಗಡಿ ನೀರು ಸುರಿಸುತ್ತವೆ. ಕ್ಯಾರೆಟ್ ಕಿತ್ತಳೆ, ಅದನ್ನು ಹಳದಿ–ಕೆಂಪಿನ ನಡುವಿನ ಸೇತುವೆಯಾಗಿ ಬೇಕಾದರೆ ಬಳಸಿ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಸಿಕ್ಕರೆ ಸುಲಿಯದೆ ಒಂದು ಚಿಪ್ಪು ಇಡಿಯಾಗಿ ಇಡಿ. ಕೆಂಪಿರುವುದು ಸಿಪ್ಪೆ, ಒಳಗೆ ಕೆನೆ ಬಣ್ಣ.

ಡಬ್ಬಿಯಲ್ಲಿ ಸಿಗುವ ಕೃತಕ ಬಣ್ಣ ಬೇಕೇ?

ಬೇಡ ಎಂಬುದು ನನ್ನ ಉತ್ತರ, ಮತ್ತು ಈ ವಿಷಯದಲ್ಲಿ ನಾನು ಗಟ್ಟಿ. ಕಾನೂನು ಎಲ್ಲ ಕೃತಕ ಬಣ್ಣವನ್ನೂ ನಿಷೇಧಿಸಿಲ್ಲ. ಕೆಲವು ಬಣ್ಣಗಳನ್ನು ಕೆಲವೇ ತಿನಿಸುಗಳಿಗೆ, ಗೊತ್ತಾದ ಮಿತಿಯೊಳಗೆ ಬಳಸಬಹುದು. ಸಿಹಿತಿಂಡಿಗೆ ಆ ಮಿತಿ ಕಿಲೋಗೆ 100 ಮಿಲಿಗ್ರಾಂ. ಆದರೆ ಮನೆಯಲ್ಲಿ ಚಿಟಿಕೆ ಲೆಕ್ಕದಲ್ಲಿ ಹಾಕುವಾಗ ಮಿಲಿಗ್ರಾಂ ಅಳೆಯುವವರು ಯಾರು? 2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಆಗ ನಿಷೇಧಿಸಿದರು. ಬಾಂಬೆ ಮಿಠಾಯಿಯ ಕೆಲವು ಮಾದರಿಗಳಲ್ಲಿ ಸಿಕ್ಕ ಆ ಗುಲಾಬಿ, ಬಟ್ಟೆಗೆ ಬಣ್ಣ ಹಾಕುವ ರೋಡಮಿನ್–ಬಿ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣದ ನಿಷೇಧ ಬಂತು. ನಾಡಹಬ್ಬದ ಬಣ್ಣ ಎಂದು ಮಕ್ಕಳ ಕೈಗೆ ಕೊಡುವ ತಿಂಡಿಯಲ್ಲಿ ಅಂಥದ್ದು ಇರಬಾರದು.

ಅಂಗಡಿಯಿಂದ ತರುವಾಗ ಕೆಂಪು ಸಿಹಿಯ ಬಗ್ಗೆ ಎಚ್ಚರ. ಒಂದು ವರ್ಷ ಹತ್ತಿರದ ಅಂಗಡಿಯೊಂದರಿಂದ ತಂದ ಜಹಾಂಗೀರು ಎಷ್ಟು ಕೆಂಪಗಿತ್ತೆಂದರೆ, ತಿಂದ ಮಕ್ಕಳ ಬೆರಳ ಬಣ್ಣ ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಬೇಕರಿಯ ಟೂಟಿಫ್ರೂಟಿ ಕೂಡ ಪಪಾಯಿ ಕಾಯಿಯ ತುಣುಕನ್ನು ಪಾಕದಲ್ಲೂ ಬಣ್ಣದಲ್ಲೂ ಅದ್ದಿದ್ದು.

ಹಾಗಾದರೆ ಸಿಹಿ ಯಾವುದು? ಹಳದಿಗೆ ಮೈಸೂರು ಪಾಕ್. ಅದರಲ್ಲೂ ತುಪ್ಪದಲ್ಲಿ ಮುಳುಗಿದ ಮೆತ್ತನೆಯದಲ್ಲ, ಗೂಡುಗೂಡಾಗಿ ಪುಡಿಯಾಗುವ ಹಳೆಯ ಬಗೆಯದು. ಅದನ್ನು ಕತ್ತರಿಸಿದರೆ ಮೇಲೂ ಕೆಳಗೂ ಹಳದಿ, ನಡುವೆ ಕೆಂಗಂದು ಪಟ್ಟಿ. ತಟ್ಟೆಗೆ ಸುರಿದ ಮೇಲೆ ಒಳಗಿನ ಬಿಸಿ ಆರದೆ ಕಡಲೆಹಿಟ್ಟು ಇನ್ನೂ ಹುರಿಯುತ್ತಲೇ ಇರುವುದರಿಂದ ಬರುವ ಬಣ್ಣ ಅದು. ಕತ್ತರಿಸಿದ ಮುಖ ಕಾಣುವ ಹಾಗೆ ನಿಲ್ಲಿಸಿ ಜೋಡಿಸಿ, ಎರಡು ಬಣ್ಣವೂ ಒಂದೇ ತುಂಡಿನಲ್ಲಿ ಸಿಗುತ್ತದೆ. ಮೆತ್ತನೆಯದು ಸಂಜೆಯ ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೆಂಪಿಗೆ ಆಗಲೇ ಹೇಳಿದ ಬೀಟ್‌ರೂಟ್ ಹಲ್ವ ಸಾಕು.

ಯಾವುದರ ಮೇಲೆ ಇಡುವುದು?

ಫೋಟೊಗಳಲ್ಲಿ ಮರದ ಹಲಗೆ ಚೆಂದ ಕಾಣುತ್ತದೆ. ಆ ಹಲಗೆಯ ರೂಢಿ ಬಂದದ್ದು ಚೀಸ್, ಬ್ರೆಡ್ ತಿನ್ನುವ ಊರುಗಳಿಂದ. ಅಲ್ಲಿ ಅರಿಶಿನವೂ ಇಲ್ಲ, ಕರಿದ ಎಣ್ಣೆಯೂ ಇಲ್ಲ. ನಮ್ಮ ತಿಂಡಿ ಇಟ್ಟರೆ ಮರ ಎಣ್ಣೆ ಕುಡಿಯುತ್ತದೆ, ಅರಿಶಿನದ ಕಲೆ ಹೋಗುವುದಿಲ್ಲ, ಬೆಳ್ಳುಳ್ಳಿ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಇಡಲೇಬೇಕೆಂದರೆ ಮೇಲೆ ಬಾಳೆಎಲೆ ಹಾಸಿ.

ಹಿತ್ತಾಳೆ ಹರಿವಾಣಕ್ಕೆ ಗಾಂಭೀರ್ಯವಿದೆ, ಆದರೆ ಎರಡು ತೊಂದರೆ. ಅದೇ ಹಳದಿಯಾದ್ದರಿಂದ ತಿಂಡಿಯ ಹಳದಿಯನ್ನು ನುಂಗಿಬಿಡುತ್ತದೆ. ಕಲಾಯಿ ಇಲ್ಲದಿದ್ದರೆ ನಿಂಬೆರಸದ ಕೋಸಂಬರಿಯನ್ನೋ ಅನಾನಸ್ಸನ್ನೋ ನೇರವಾಗಿ ಇಡಲೇಬಾರದು, ಹುಳಿಗೆ ಲೋಹ ಬಿಡುತ್ತದೆ. ಸ್ಟೀಲ್ ತಾಂಬಾಳದಲ್ಲಿ ಆ ಭಯವಿಲ್ಲ, ದೀಪದ ಹೊಳಪು ಕಣ್ಣಿಗೆ ಹೊಡೆಯುತ್ತದೆ ಅಷ್ಟೆ. ನಾನು ಎರಡು ವರ್ಷದಿಂದ ನೆಚ್ಚಿಕೊಂಡಿರುವುದು ದೊಡ್ಡ ಸ್ಟೀಲ್ ತಾಂಬಾಳದೊಳಗೆ ಜೋಡಿಸಿದ ಅಡಿಕೆ ಹಾಳೆ ತಟ್ಟೆಗಳನ್ನು. ಹಾಳೆಯ ತಿಳಿ ಬಣ್ಣದ ಮೇಲೆ ಹಳದಿಯೂ ಕೆಂಪೂ ಎರಡೂ ಎದ್ದು ಕಾಣುತ್ತವೆ. ಒಂದೊಂದು ತಿಂಡಿಗೆ ಒಂದೊಂದು ತಟ್ಟೆಯಾದ್ದರಿಂದ ಬಣ್ಣ ಗಡಿ ದಾಟುವ ಪ್ರಶ್ನೆಯೇ ಇಲ್ಲ. ಒದ್ದೆ ಪದಾರ್ಥಕ್ಕೆ ಮಾತ್ರ ಸ್ಟೀಲ್ ಬಟ್ಟಲು. ಬಾಳೆಎಲೆಯ ಹಸಿರು ಬಂದರೆ ಬಣ್ಣದ ನಿಯಮ ಮುರಿಯಿತು ಎಂದು ಕೊರಗುವವರಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಹಸಿರಿನ ಮೇಲೆ ಹಳದಿ ಬಹಳ ಲಕ್ಷಣ. ಗಾಢ ಕೆಂಪು ಮಾತ್ರ ರಾತ್ರಿ ಬೆಳಕಿಗೆ ಸ್ವಲ್ಪ ಕಪ್ಪಿಡುತ್ತದೆ.

ಬಾವುಟದ ಹಾಗೆಯೇ ಮೇಲರ್ಧ ಹಳದಿ, ಕೆಳಗರ್ಧ ಕೆಂಪು ಎಂದು ಚೌಕದಲ್ಲಿ ಜೋಡಿಸುವುದೂ ಉಂಟು. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಬೆಳಿಗ್ಗೆ ಕೈ ಮುಗಿದ ಬಾವುಟವನ್ನೇ ಸಂಜೆ ಕೆದಕಿ ತಿಂದಂತಾಯಿತು, ಅರ್ಧ ಖಾಲಿಯಾದ ಆ ಚೌಕವನ್ನು ನೋಡಲು ಮನಸ್ಸು ಒಪ್ಪಲಿಲ್ಲ. ಈಗ ಬಣ್ಣವನ್ನಷ್ಟೇ ಇಟ್ಟುಕೊಂಡು ಆಕಾರವನ್ನು ಬಿಟ್ಟಿದ್ದೇನೆ. ನಡುವೆ ಮಂಡಕ್ಕಿಯ ಹಳದಿ ಗುಡ್ಡ, ಸುತ್ತ ಒಂದು ಕೆಂಪು ಒಂದು ಹಳದಿ ತಟ್ಟೆ. ಜನ ತೆಗೆದುಕೊಳ್ಳುತ್ತ ಹೋದರೂ ಅಂದಗೆಡುವುದಿಲ್ಲ.

ಎಷ್ಟು ಬೇಕು, ಯಾವಾಗ ಮಾಡಬೇಕು

ರಾತ್ರಿಯ ಊಟ ಬೇರೆ ಇದೆಯೆಂದುಕೊಂಡರೆ ಇಪ್ಪತ್ತೈದು ಜನಕ್ಕೆ ನನ್ನ ಲೆಕ್ಕ ಇದು: ಕೋಡುಬಳೆ 1 ಕಿಲೋ, ಖಾರಾಬೂಂದಿ ಮುಕ್ಕಾಲು ಕಿಲೋ, ಮಂಡಕ್ಕಿ ಅರ್ಧ ಕಿಲೋ (ಹಗುರವಾದ್ದರಿಂದ ಅದೇ ದೊಡ್ಡ ಬುಟ್ಟಿ ತುಂಬುತ್ತದೆ), ಹೆಸರುಬೇಳೆ ಅರ್ಧ ಕಿಲೋ, ಮೈಸೂರು ಪಾಕ್ 1 ಕಿಲೋ, ದೊಡ್ಡ ದಾಳಿಂಬೆ 4, ಅನಾನಸ್ 2, ಎರಡೂ ಬಣ್ಣದ ದೊಣ್ಣೆಮೆಣಸಿನಕಾಯಿ ತಲಾ 4.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೇ ಎಂದು ಕೇಳಿದರೆ, ಕೆಂಪನ್ನು ಮನೆಯಲ್ಲಿ ಮಾಡಿ, ಹಳದಿಯನ್ನು ಅಂಗಡಿಯಿಂದ ತನ್ನಿ ಎನ್ನುತ್ತೇನೆ. ಕಡಲೆಹಿಟ್ಟಿನ ತಿಂಡಿಗೆ ಬಣ್ಣ ಹಾಕದ ಅಂಗಡಿ ಹುಡುಕಿದರೆ ಸಿಗುತ್ತದೆ. ಒಳ್ಳೆಯ ಕೆಂಪು ಸಿಗುವುದು ಕಷ್ಟ. ಕೋಡುಬಳೆಯನ್ನು ಎರಡು ದಿನ ಮೊದಲೇ ಕರಿದಿಡಬಹುದು. 2024ರಲ್ಲಿ ಆದಂತೆ ರಾಜ್ಯೋತ್ಸವ ದೀಪಾವಳಿಯ ನಡುವೆಯೇ ಬಂದರೆ ಹೇಗೂ ಬಾಣಲೆ ಒಲೆಯ ಮೇಲಿರುತ್ತದೆ, ಆಗಲೇ ಒಂದು ಕಿಲೋ ಹೆಚ್ಚಿಗೆ ಮಾಡಿಕೊಳ್ಳಿ. ದಾಳಿಂಬೆ ಅದೇ ದಿನ ಬೆಳಿಗ್ಗೆ, ಅನಾನಸ್ ಮಧ್ಯಾಹ್ನ, ಕೋಸಂಬರಿ ಕೊನೆಯ ಹತ್ತು ನಿಮಿಷದಲ್ಲಿ.

ಕುಡಿಯಲು ಕೆಂಪು ಬೇಕೆಂದರೆ ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಉತ್ತರ ಕನ್ನಡದವರು ಮುರುಗಲು ಎನ್ನುವ ಹಣ್ಣಿನ ಒಣ ಸಿಪ್ಪೆಯನ್ನು ಬೆಳಿಗ್ಗೆಯೇ ನೀರಿಗೆ ಹಾಕಿ. ಸಂಜೆಗೆ ಹಿಂಡಿ, ಬೆಲ್ಲದ ಬದಲು ಸಕ್ಕರೆ ಸೇರಿಸಿ. ಬೆಲ್ಲ ಹಾಕಿದರೆ ಕೆಂಪು ಕಂದಾಗುತ್ತದೆ. ಚಿಟಿಕೆ ಉಪ್ಪು, ಜೀರಿಗೆ ಪುಡಿ. ಅದರ ಪಕ್ಕದಲ್ಲಿ ಕೇಸರಿ ಹಾಕಿದ ಬಾದಾಮಿ ಹಾಲು ಹಳದಿಗೆ.

ಹೊರದೇಶದ ಕನ್ನಡ ಕೂಟಗಳಲ್ಲಿ ನವೆಂಬರ್‌ನ ಯಾವುದಾದರೊಂದು ಶನಿವಾರ ಹಬ್ಬ ಮಾಡುವವರಿಗೆ ಸುಲಭದ ದಾರಿ ಎರಡೂ ಬಣ್ಣದ ದೊಣ್ಣೆಮೆಣಸಿನಕಾಯಿ, ಚೆರ್ರಿ ಟೊಮೆಟೊ, ಜೋಳದ ಕಾಳು, ದಾಳಿಂಬೆ. ಇವು ಅಲ್ಲಿನ ಸಾಮಾನ್ಯ ಅಂಗಡಿಗಳಲ್ಲೇ ಸಿಗುತ್ತವೆ. ಊರಿಂದ ತರಿಸಿಕೊಳ್ಳುವುದಾದರೆ ತಿಂಡಿಯ ಬದಲು ಕಾಲು ಕಿಲೋ ಬ್ಯಾಡಗಿ ಪುಡಿ ತರಿಸಿ. ಪೆಟ್ಟಿಗೆಯಲ್ಲಿ ಕೋಡುಬಳೆ ಮುರಿಯುತ್ತದೆ, ಪುಡಿಗೆ ಆ ಚಿಂತೆಯಿಲ್ಲ.

ಮಂಡಕ್ಕಿಯನ್ನು ಎಲ್ಲಕ್ಕಿಂತ ಕೊನೆಗೆ, ಜನ ಬಂದು ಕೂತ ಮೇಲೆ ಗುಡ್ಡ ಹಾಕಿ. ಈರುಳ್ಳಿಯನ್ನು ಬೇರೆ ಬಟ್ಟಲಿನಲ್ಲಿಡಿ, ಬೆರೆಸಿದರೆ ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಪ್ರತಿ ತಟ್ಟೆಯ ಮುಂದೆ ನಾನು ಒಂದು ಹೆಸರಿನ ಚೀಟಿ ಇಡುತ್ತೇನೆ. ಮೊದಲು "ಒಗ್ಗರಣೆ ಮಂಡಕ್ಕಿ" ಎಂದಷ್ಟೇ ಬರೆದಿದ್ದೆ. ಮೈಸೂರಿನ ಅತ್ತೆ ಅದನ್ನು ಓದಿ, "ಇದು ಕಡ್ಲೆಪುರಿ ಕಣಮ್ಮ" ಅಂದರು. ಅವ್ವ ಬಂದಿದ್ದಾಗ, "ಚುರುಮುರಿ ಅಂತ ಬರೀಬೇಕಿತ್ತು" ಅಂದಳು. ದಾವಣಗೆರೆಯ ನೆರೆಮನೆಯವರು ಮಂಡಕ್ಕಿಯ ಪರವಾಗಿ ನಿಂತರು. ಈಗ ಆ ಗುಡ್ಡದ ಮುಂದಿನ ಚೀಟಿ ಸ್ವಲ್ಪ ಉದ್ದವಾಗಿದೆ, ಮೂರೂ ಹೆಸರು ಬರೆಯುತ್ತೇನೆ.